ಅರಳು ಮರಳು ಅನ್ನುವ ಮೊದಲು

ಹೋದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ದೊಡ್ಡಮ್ಮನ ಮನೆಗೆ ಹೋದಾಗ ಅವರು ಜಗಲಿಯ ಗೋಡೆಗೆ ಒರಗಿ ಮಳೆ ನೋಡುತ್ತಾ ಕೂತಿದ್ದರು. "ಬಂದ್ಯಾ" ಅಂದರು, ಅಷ್ಟೇ. ಕಾಲಿಗೆ ನೀರು, ಕುಡಿಯಲು ಕಷಾಯ ಎಂದು ಇಡೀ ಮನೆ ಎಬ್ಬಿಸುತ್ತಿದ್ದ ಜೀವ ಅದು. ಮಧ್ಯಾಹ್ನದ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅಣ್ಣ ಮೆಲ್ಲಗೆ ಹೇಳಿದ, "ಎಪ್ಪತ್ತು ದಾಟಿತಲ್ಲ ಮಾರಾಯ, ಅರಳು ಮರಳು. ಮೇಲಿಂದ ಈ ಮಳೆ." ನಾನೂ ಹೂಂ ಅಂದೆ. ಆ ಹೂಂ ಇವತ್ತಿಗೂ ಚುಚ್ಚುತ್ತದೆ.

ಅನುಮಾನ ಹುಟ್ಟಿದ್ದು ಕಾಲಿನಿಂದ. "ಪಾದ ಜೋಮು ಹಿಡಿದ ಹಾಗೆ, ಹತ್ತಿ ಮೇಲೆ ನಡೆದ ಹಾಗೆ ಆಗ್ತದೆ ಮಗ" ಎಂದರು. ಒಂದೂವರೆ ವರ್ಷದಿಂದ ಹೇಳುತ್ತಲೇ ಇದ್ದರಂತೆ. ತೋರಿಸಿದ ಕಡೆ, ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದು ಟಾನಿಕ್ ಬರೆದು ಕಳಿಸಿದ್ದರು. ಶಿವಮೊಗ್ಗಕ್ಕೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಬಿ12 ಬರೀ 110. ಸಾಮಾನ್ಯವಾಗಿ 200ಕ್ಕಿಂತ ಕೆಳಗಿಳಿದರೆ ಕೊರತೆ ಎನ್ನುತ್ತಾರೆ.

ಕಾರಣ ಹುಡುಕುತ್ತಾ ಹೋದರೆ ಎಲ್ಲವೂ ಮನೆಯೊಳಗೇ ಇತ್ತು. ಸಸ್ಯಾಹಾರಿಗೆ ಬಿ12 ಸಿಗುವುದು ಹೆಚ್ಚುಕಮ್ಮಿ ಹಾಲು, ಮೊಸರು, ಮಜ್ಜಿಗೆಯಿಂದಲೇ. ಮಂಡಿನೋವಿಗೆ ಕೊಟ್ಟಿಗೆ ಕೆಲಸ ಆಗದೆ ಹಸು ಕೊಟ್ಟ ಮೇಲೆ ಮನೆಗೆ ಬರುವುದು ಕಾಫಿಗಾಗುವಷ್ಟು ಪ್ಯಾಕೆಟ್ ಹಾಲು. ಎದೆಯುರಿಗೆ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಆ ಮಾತ್ರೆ ತಗ್ಗಿಸುವುದು ಅದನ್ನೇ. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್. ಅದು ಒಳ್ಳೆಯ ಔಷಧಿಯೇ, ಆದರೆ ಬಹುಕಾಲ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ಲಿವರಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಸದ್ದಿಲ್ಲದೆ ಬರುತ್ತದೆ.

ನನಗೆ ತುಂಬಾ ನೋವಾದದ್ದು ಒಂದೆಲಗದ ವಿಷಯಕ್ಕೆ. "ನೆನಪು ಕೈಕೊಡ್ತಾ ಉಂಟು" ಎಂದು ತಾವೇ ಗಮನಿಸಿ, ಯಾರಿಗೂ ಹೇಳದೆ, ಹಿತ್ತಿಲಿನ ಒಂದೆಲಗ ಕಿತ್ತು ವಾರಕ್ಕೆರಡು ಸಲ ತಂಬುಳಿ ಮಾಡುತ್ತಿದ್ದರು. ತಂಬುಳಿಯ ಮಜ್ಜಿಗೆಯಲ್ಲಿ ಅಷ್ಟಿಷ್ಟು ಬಿ12 ಉಂಟು, ಎಲೆಯಲ್ಲಿಲ್ಲ. ಹಸು ಹೋದ ಮೇಲೆ ಮಜ್ಜಿಗೆಯೂ ನೀರಾಗಿತ್ತು. ಟಾನಿಕ್‌ನಲ್ಲಿದ್ದ ಫೋಲಿಕ್ ಆಮ್ಲವಂತೂ ರಕ್ತವನ್ನಷ್ಟೇ ಸರಿಯಾಗಿ ತೋರಿಸಿ ನರಗಳಿಗಾಗುವ ಹಾನಿಯನ್ನು ಮುಚ್ಚಿಡಬಲ್ಲದು. ಕರೆಂಟ್ ವಯರಿನ ಹೊದಿಕೆಯಂತೆ ನರಗಳ ಮೇಲೂ ಒಂದು ಕವಚ ಇರುತ್ತದೆ. ಬಿ12 ಇಲ್ಲದಿದ್ದರೆ ಅದು ಸವೆಯುತ್ತದೆ. ಜೋಮು, ಮರೆವು, ಮಂಕು, ಸಿಡುಕು ಎಲ್ಲ ಅಲ್ಲಿಂದಲೇ ಬರಬಹುದು.

ಮನೆಯ ಹಿರಿಯರು ಮಾತು ಬಿಟ್ಟರೆ ನಾವು ಧೈರ್ಯ ಹೇಳುತ್ತೇವೆ, ದೇವರ ನಾಮ ಹೇಳಿಕೊಳ್ಳಿ ಅನ್ನುತ್ತೇವೆ. ತಪ್ಪಲ್ಲ. ಆದರೆ ಮನಸ್ಸು ಕೂತಿರುವುದು ದೇಹದೊಳಗೇ. ಥೈರಾಯ್ಡ್ ಕುಗ್ಗಿದರೂ ಮಂಕು ಕವಿಯುತ್ತದೆ. ಬಿಪಿಗೆಂದು ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳಿಂದ ಸೋಡಿಯಂ ಇಳಿದು ಮುದುಕರು ದಿನ ವಾರ ಮರೆತು ತಡವರಿಸುವುದುಂಟು. ಎಲ್ಲ ಮರೆವೂ ಬಿ12 ಇಂಜೆಕ್ಷನ್ನಿಗೆ ಹೋಗುವುದಿಲ್ಲ, ಅಲ್ಜೈಮರ್ ಬೇರೆಯೇ ಕಾಯಿಲೆ. ಹಾಗಂತ ಬಿ12, ಥೈರಾಯ್ಡ್ ತಿಳಿಸುವ ಟಿಎಸ್‌ಎಚ್, ಸೋಡಿಯಂ ನೋಡದೆಯೇ ವಯಸ್ಸಿನ ಮೇಲೆ ಹಾಕಿಬಿಡುವುದು ಅನ್ಯಾಯ. ಅರವತ್ತು ದಾಟಿದವರಿಗೆ, ಅದರಲ್ಲೂ ಈ ಮಾತ್ರೆ ನುಂಗುವವರಿಗೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಈ ಪರೀಕ್ಷೆ ಸಿಗಬೇಕು. ನನ್ನ ಪಟ್ಟು ಇದು.

ದೊಡ್ಡಮ್ಮನಿಗೆ ಇಂಜೆಕ್ಷನ್ ಶುರುವಾಗಿ ನಾಲ್ಕು ತಿಂಗಳಿಗೆ ಅಡಿಕೆ ಕೊಯ್ಲು ಬಂತು. ಯಾರು ಎಷ್ಟು ಸುಲಿದರು ಎಂಬ ಲೆಕ್ಕ ಮತ್ತೆ ಬಾಯಲ್ಲೇ ಹೇಳಿದರು. ಪಾದದ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ತಡವಾದರೆ ಕೆಲವು ನರ ಮೊದಲಿನಂತಾಗುವುದಿಲ್ಲ ಎಂದರು ವೈದ್ಯರು. ಈಗ ಮನೆಯೊಳಗೂ ಚಪ್ಪಲಿ ಹಾಕಿಯೇ ಓಡಾಡುತ್ತಾರೆ.