ಡಬ್ಬಿ ಪೇರಿಸಿ ಕಲೆ ಮಾಡಿದರೆ ಹಸಿವು ನೀಗುತ್ತದಾ?

ಪರ

ಕ್ಯಾನ್‌ಸ್ಟ್ರಕ್ಷನ್ ಅಂತ ಒಂದು ಸ್ಪರ್ಧೆ ಇದೆ. 1992ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಆಮೇಲೆ ಎಷ್ಟೋ ಊರುಗಳಿಗೆ ಹಬ್ಬಿತು. ನ್ಯೂಯಾರ್ಕ್‌ನಲ್ಲಿ ಬ್ರೂಕ್‌ಫೀಲ್ಡ್ ಪ್ಲೇಸ್ ಅನ್ನುವ ಆಫೀಸು ಕಟ್ಟಡಗಳ ದೊಡ್ಡ ಹಜಾರದಲ್ಲಿ ಹಲವು ವರ್ಷ ನಡೆದಿದೆ. ಆರ್ಕಿಟೆಕ್ಟ್‌ಗಳು, ಎಂಜಿನಿಯರ್‌ಗಳು ತಂಡ ಕಟ್ಟಿಕೊಂಡು, ತಿಂಗಳುಗಟ್ಟಲೆ ಲೆಕ್ಕ ಹಾಕಿ, ಒಂದು ರಾತ್ರಿಯಲ್ಲಿ ಸಾವಿರಾರು ಆಹಾರದ ಡಬ್ಬಿಗಳನ್ನು ಪೇರಿಸಿ ಆಳೆತ್ತರದ ಆಕೃತಿ ನಿಲ್ಲಿಸುತ್ತಾರೆ. ಡಬ್ಬಿ ತೆರೆಯುವ ಹಾಗಿಲ್ಲ, ಲೇಬಲ್ ಕೀಳುವ ಹಾಗಿಲ್ಲ. ಬಣ್ಣ ಬೇಕಾದರೆ ಲೇಬಲ್‌ನಲ್ಲೇ ಹುಡುಕಬೇಕು: ಬೀನ್ಸ್ ಡಬ್ಬಿಯ ಕೆಂಪು, ಜೋಳದ ಡಬ್ಬಿಯ ಹಳದಿ, ಹೀಗೆ. ಒಳ್ಳೆಯ ಊಟವಾಗುವಂಥ ಡಬ್ಬಿಗಳನ್ನು ಆರಿಸಿದ ತಂಡಕ್ಕೂ ಒಂದು ಬಹುಮಾನ ಇದೆ, ನನಗೆ ತುಂಬಾ ಇಷ್ಟವಾದದ್ದು ಅದೇ. ಪ್ರದರ್ಶನ ಮುಗಿದ ಮೇಲೆ ಎಲ್ಲ ಡಬ್ಬಿ ಸಿಟಿ ಹಾರ್ವೆಸ್ಟ್‌ಗೆ ಹೋಗುತ್ತಿತ್ತು. ಮಿಕ್ಕ ಆಹಾರ ಒಟ್ಟು ಮಾಡಿ 1982ರಿಂದ ಆ ನಗರದಲ್ಲಿ ಹಂಚುತ್ತಿರುವ ಸಂಸ್ಥೆ ಅದು.

ಬ್ಯಾಂಕು, ಆಫೀಸುಗಳೇ ತುಂಬಿರುವ ಜಾಗದಲ್ಲಿ ಹಸಿವು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಕೆಲಸ ಮುಗಿಸಿ ಹೊರಟವರು ಇಲ್ಲಿ ಮಗುವಿನ ಕೈ ಹಿಡಿದು ನಿಲ್ಲುತ್ತಾರೆ. ಇಷ್ಟೊಂದು ಊಟ ಯಾರಿಗೆ ಅಂತ ಮಗು ಕೇಳುತ್ತದೆ. ಹೇಳಲೇಬೇಕಾಗುತ್ತದೆ. ನಾವೂ ಒಂದು ಆಹಾರದ ಡಬ್ಬಿ ತಂದು ಅಲ್ಲೇ ಕೊಡಬಹುದು ಅಂದಾಗ ಆ ಮಾತು ಮಾತಾಗೇ ಉಳಿಯುವುದಿಲ್ಲ.

ವಿರೋಧ

ಕಟ್ಟಿದವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಹಸಿದವರ ಕಡೆಯಿಂದ ನೋಡಿ. ಸೇತುವೆಗೋ ಮೀನಿಗೋ ಬೇಕಾದ ಬಣ್ಣ ನೋಡಿ ಕೊಂಡ ಡಬ್ಬಿ ಅದು, ತಿನ್ನುವವರಿಗೆ ಏನು ಬೇಕು ಅಂತ ಕೇಳಿ ಕೊಂಡದ್ದಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಉಪ್ಪು ಜಾಸ್ತಿ ಇರುವ ಡಬ್ಬಿ ಕೊಟ್ಟು ಏನು ಮಾಡುವುದು? ಸಿಟಿ ಹಾರ್ವೆಸ್ಟ್ ಹಂಚುವುದರಲ್ಲಿ ಬಹುಪಾಲು ತಾಜಾ ತರಕಾರಿ, ಹಣ್ಣು. ಡಬ್ಬಿಗೆ ಹಾಕಿದ ದುಡ್ಡನ್ನೇ ನೇರವಾಗಿ ಕೊಟ್ಟರೆ ಫುಡ್ ಬ್ಯಾಂಕ್‌ನವರು, ಅಂದರೆ ಆಹಾರ ಒಟ್ಟು ಮಾಡಿ ಬಡವರಿಗೆ ಹಂಚುವವರು, ಸಗಟು ದರದಲ್ಲಿ, ಆ ವಾರಕ್ಕೆ ಬೇಕಾದದ್ದನ್ನು ತರುತ್ತಾರೆ, ಲಾರಿಯ ಡೀಸೆಲ್‌ಗೂ ಅದೇ ದುಡ್ಡು ಆಗುತ್ತದೆ.

ಇನ್ನೊಂದು, ಕಾಲದ್ದು. ಹಬ್ಬದ ದಿನಗಳು, ಅಂದರೆ ನವೆಂಬರ್ ಡಿಸೆಂಬರ್ ಬಂದರೆ ಎಲ್ಲರಿಗೂ ಕೊಡುವ ಮನಸ್ಸು. ಬೇಸಿಗೆಯಲ್ಲಿ ಶಾಲೆ ಮುಚ್ಚಿ ಮಕ್ಕಳ ಮಧ್ಯಾಹ್ನದ ಊಟ ನಿಂತಾಗ ಫುಡ್ ಬ್ಯಾಂಕ್ ಕಪಾಟು ಬರಿದಾಗಿರುತ್ತದೆ.

ನನಗೆ ನಿಜಕ್ಕೂ ಚಿಂತೆ ಇರುವುದು ಸ್ನ್ಯಾಪ್ ಬಗ್ಗೆ. ಬಡವರಿಗೆ ದಿನಸಿ ಕೊಳ್ಳಲು ಅಮೆರಿಕ ಸರ್ಕಾರ ಕಾರ್ಡಿಗೆ ದುಡ್ಡು ಹಾಕುವ ಯೋಜನೆ ಅದು, 2025ರಲ್ಲಿ 4 ಕೋಟಿಗೂ ಹೆಚ್ಚು ಜನ ಅದನ್ನು ನಂಬಿಕೊಂಡಿದ್ದರು. ಫುಡ್ ಬ್ಯಾಂಕ್‌ಗಳ ಒಕ್ಕೂಟ ಫೀಡಿಂಗ್ ಅಮೆರಿಕವೇ ಹೇಳುವ ಲೆಕ್ಕ ಇದು: ತಮ್ಮ ಜಾಲ ಒಂದು ಊಟ ಕೊಟ್ಟರೆ ಸ್ನ್ಯಾಪ್ 9 ಊಟ ಕೊಡುತ್ತದೆ. 2025ರ ನವೆಂಬರ್ ಮೊದಲಲ್ಲಿ, ಬಜೆಟ್‌ಗೆ ಒಪ್ಪಿಗೆ ಸಿಗದೆ ಸರ್ಕಾರದ ಕೆಲಸ ನಿಂತಾಗ, ಆ ದುಡ್ಡೇ ತಡೆದುಹೋಯಿತು. ಫುಡ್ ಬ್ಯಾಂಕ್‌ಗಳ ಮುಂದೆ ಸಾಲು ಬೆಳೆಯಿತು. ಆ ಸಾಲಿನಲ್ಲಿ ನಿಂತವರಿಗೆ ಬೇಕಾಗಿದ್ದದ್ದು ತಮ್ಮ ಕಾರ್ಡಿಗೆ ಬರಬೇಕಾದ ದುಡ್ಡು.