ಅಧ್ಯಕ್ಷರ ಫೋರ್ ಬೈ ಫೋರ್

ಬೆಂಗಳೂರಿನ ಯಾವುದೇ ಕಲ್ಯಾಣ ಮಂಟಪದ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಸೀಟಿ ಹಿಡಿದ ಸೆಕ್ಯುರಿಟಿಯವರು ಗಾಡಿಯ ಎತ್ತರ ನೋಡಿ ಒಳಗಿರುವ ಮನುಷ್ಯನಿಗೆ ಬೆಲೆ ಕಟ್ಟುತ್ತಾರೆ. ಆಲ್ಟೊ ಬಂದರೆ "ಹಿಂದ್ಗಡೆ ಹೋಗ್ರೀ, ಹಿಂದ್ಗಡೆ". ಇನ್ನೋವಾ ಬಂದರೆ "ಸ್ವಲ್ಪ ಸೈಡಿಗೆ ಹಾಕ್ಕೊಳ್ಳಿ ಸಾರ್". ಕಪ್ಪು ಬಣ್ಣದ ರೇಂಜ್ ರೋವರ್ ಬಂದರೆ ಮಾತೇ ಇಲ್ಲ. ಒಂದು ಸೆಲ್ಯೂಟ್, ಮಂಟಪದ ಬಾಗಿಲಿಗೇ ದಾರಿ. ಅದು ಎಷ್ಟನೇ ಓನರ್ ಕೈಯಲ್ಲಿದೆ, ಎಷ್ಟು ಲಕ್ಷ ಕಿಲೋಮೀಟರ್ ಓಡಿದೆ ಎಂದು ಯಾರೂ ಕೇಳುವುದಿಲ್ಲ. ಆರ್‌ಸಿ ಡ್ಯಾಶ್‌ಬೋರ್ಡಿನ ಒಳಗಿರುತ್ತದೆ. ಬಂಪರ್ ಹೊರಗಿರುತ್ತದೆ.

ಈ ಸತ್ಯ ನಮ್ಮ ಲೇಔಟಿನ ಅಸೋಸಿಯೇಷನ್ ಅಧ್ಯಕ್ಷರಿಗೆ ಹೊಳೆದದ್ದು ಮೂರನೇ ಸಲ ಹಿಂದ್ಗಡೆ ಹೋಗಿ ಗಾಡಿ ನಿಲ್ಲಿಸಿ ಬಂದ ಮೇಲೆ. ಅವರದ್ದು ಸೈಟು ವ್ಯವಹಾರ. ಓಡಾಟಕ್ಕೆ ಒಂದು ಬಿಳಿ ಆಲ್ಟೊ ಇತ್ತು. ಅದು ಕೆಟ್ಟದ್ದನ್ನು ಯಾರೂ ನೋಡಿರಲಿಲ್ಲ. ಅದೇ ಅದರ ದೋಷವಾಯಿತು. "ಕೋಟಿ ದಾಟಿದ್ದ ರೇಂಜ್ ರೋವರ್ ಈಗ ಹೊಸ ಇನ್ನೋವಾ ಬೆಲೆಗೆ ಸಿಗ್ತಾ ಇದೆ. ಬಿಡೋಕೆ ನಾನೇನು ದಡ್ಡನಾ?" ಎಂದು ಅವರು ಅಸೋಸಿಯೇಷನ್ ಮೀಟಿಂಗಿನಲ್ಲೇ ಕೇಳಿದರು. ಅಜೆಂಡಾದಲ್ಲಿ ಇದ್ದದ್ದು ನೀರಿನ ಟ್ಯಾಂಕರ್ ವಿಷಯ.

ಕೋಟಿ ಗಾಡಿ ಅಷ್ಟು ಅಗ್ಗಕ್ಕೆ ಯಾಕೆ ಸಿಗುತ್ತದೆ ಅಂತೀರಾ? ಅದಕ್ಕೆ ದೆಹಲಿಯ ಹೊಗೆ ಕಾರಣ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ರಾಜಧಾನಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಂತೂ ವಯಸ್ಸಾದ ಗಾಡಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬೇಡಿ ಎಂದು ಹೊರಟರು. ಜನ ರೇಗಿದರು. ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಇಷ್ಟಾಗುವಷ್ಟರಲ್ಲಿ ಅಲ್ಲಿಯ ಶ್ರೀಮಂತರು ಎಂಟೋ ಒಂಬತ್ತೋ ವರ್ಷ ತುಂಬಿದ ಗಾಡಿಗಳನ್ನು ಬಂದ ಬೆಲೆಗೆ ಮಾರಿ, ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ಎನ್‌ಒಸಿ ಕೊಟ್ಟು, ದಕ್ಷಿಣದ ಕಡೆ ಸಾಗಹಾಕುವುದನ್ನು ಚೆನ್ನಾಗಿ ಕಲಿತಿದ್ದರು. ದೆಹಲಿಯಲ್ಲಿ ಶ್ವಾಸಕೋಶಕ್ಕೆ ಅಪಾಯ ಎನಿಸಿಕೊಂಡ ಹೊಗೆ ತುಮಕೂರು ರಸ್ತೆ ತಲುಪುವಷ್ಟರಲ್ಲಿ ಅಂತಸ್ತು ಆಗಿರುತ್ತದೆ.

ಡೀಲರ್ ಮಾತು ನೀವೂ ಕೇಳಿರುತ್ತೀರಿ. ಸಿಂಗಲ್ ಓನರ್. ಡಾಕ್ಟರ್ ಗಾಡಿ. ಮಳೆ ಕಂಡಿಲ್ಲ. ಬರೀ ಏರ್‌ಪೋರ್ಟಿಗೆ ಹೋಗಿ ಬಂದಿದೆ. ದೇಶದ ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದವರು ಯಾರು ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ. ಅಧ್ಯಕ್ಷರಿಗೆ ತೋರಿಸಿದ ಗಾಡಿಯ ಮೀಟರ್ 62,000 ಎನ್ನುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಸ್ಟೇರಿಂಗ್ ಮೇಲಿನ ಚರ್ಮ ಕನ್ನಡಿ ಆಗಿತ್ತು. "ಡಾಕ್ಟರ್ ಕಾಲು ಸ್ವಲ್ಪ ಜೋರು ಸಾರ್" ಎಂದರಂತೆ ಡೀಲರ್. ಈಗಿನ ಗಾಡಿಗಳಲ್ಲಿ ಓಡಿದ ಕಿಲೋಮೀಟರ್ ಮೀಟರಿನಲ್ಲಿ ಮಾತ್ರ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಗೇರ್‌ಬಾಕ್ಸಿನ ಕಂಪ್ಯೂಟರು, ಕೀ, ಎಲ್ಲವೂ ತಮ್ಮತಮ್ಮ ಲೆಕ್ಕ ಇಟ್ಟುಕೊಂಡಿರುತ್ತವೆ. ಮೀಟರ್ ಹಿಂದಕ್ಕೆ ತಿರುಗಿಸಿದವನು ಅಷ್ಟೂ ಸಾಕ್ಷಿಗಳ ಬಾಯಿ ಮುಚ್ಚಿಸಿರಬೇಕು. ಸ್ಕ್ಯಾನರ್ ಹಾಕಿ ನೋಡೋಣ ಎಂದರೆ ಅಧ್ಯಕ್ಷರು ಬೇಸರಪಟ್ಟರು. "ಹುಡುಗಿ ನೋಡೋಕೆ ಹೋಗಿ ಬ್ಲಡ್ ಟೆಸ್ಟ್ ಕೇಳ್ತೀರಾ?"

ನಮ್ಮೂರಿನಲ್ಲೇ ತಯಾರಾಗುವ ಇನ್ನೊಂದು ಬಗೆಯ ಅಗ್ಗದ ಗಾಡಿ ಇದೆ. 2022ರ ಸೆಪ್ಟೆಂಬರ್ ಮಳೆ ನೆನಪಿರಬೇಕಲ್ವಾ? ಬೆಂಗಳೂರಿನ ಶ್ರೀಮಂತ ಲೇಔಟುಗಳಲ್ಲಿ ಬೆಂಟ್ಲಿ, ಲೆಕ್ಸಸ್‌ಗಳು ಮುಳುಗಿ ನಿಂತ ಫೋಟೊಗಳನ್ನು ಇಡೀ ದೇಶ ನೋಡಿತು. ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ವಿಮೆ ಕಂಪನಿಗಳು ಇಂಥ ಮುಳುಗಿದ ಗಾಡಿಗೆ ದುಡ್ಡು ಕೊಟ್ಟು ಕೈತೊಳೆದುಕೊಂಡು, ಉಳಿದದ್ದನ್ನು ಹರಾಜಿಗೆ ಬಿಡುತ್ತವೆ. ಹರಾಜಾದದ್ದೆಲ್ಲ ಗುಜರಿಗೇ ಹೋಗುತ್ತದೆ ಅಂತೇನಿಲ್ಲ. ತೊಳೆದು, ಒಣಗಿಸಿ, ಸೆಂಟು ಹೊಡೆದು ಮತ್ತೆ ನಿಲ್ಲಿಸುವವರೂ ಇದ್ದಾರೆ. ಅದಕ್ಕೇ ಗೊತ್ತಿರುವವರು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುತ್ತಾರೆ. ಕೊನೆಯ ಗೇಣಿನಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ಒಂದು ಸಲ ಸ್ನಾನ ಮಾಡಿದೆ ಎಂದು ಅರ್ಥ. ಅಧ್ಯಕ್ಷರೂ ಎಳೆದರು. ಬೆಲ್ಟ್ ವಾಪಸ್ ಒಳಗೆ ಹೋಗಲಿಲ್ಲ. ಆ ಒಂದು ಕಾರಣಕ್ಕೆ ಹತ್ತು ಸಾವಿರ ಇಳಿಸಿಕೊಂಡೆ ಎಂದು ಖುಷಿಯಾಗಿಯೇ ಹೇಳಿದರು.

ಗಾಡಿ ಬಂತು. ತೆಂಗಿನಕಾಯಿ ಒಡೆದರು. ನಾಲ್ಕು ನಿಂಬೆಹಣ್ಣಿನ ಮೇಲೆ ನಾಲ್ಕು ಚಕ್ರ ಹತ್ತಿತು. ಅದರ ಫೋರ್ ವೀಲ್ ಡ್ರೈವ್ ಪೂರ್ತಿ ಬಳಕೆಯಾದದ್ದು ಅವತ್ತೇ ಇರಬೇಕು.

ಇನ್ನು ನಂಬರ್ ಪ್ಲೇಟಿನ ಕಥೆ. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿಯ ನಂಬರ್ ಪಡೆಯಬೇಕು, ಇಲ್ಲಿಯ ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ನಮ್ಮಲ್ಲಿ ಶೇ. 18, ಅದರ ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸು ನೋಡಿ ರಿಯಾಯಿತಿ ಉಂಟು. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ದುಡ್ಡಿನಿಂದಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯಿಂದ. ಇನ್ನೋವಾ ದುಡ್ಡು ಕೊಟ್ಟವನಿಗೆ ಕೋಟಿಯ ಲೆಕ್ಕದಲ್ಲಿ ತೆರಿಗೆ. ಮಂಟಪದ ಸೆಕ್ಯುರಿಟಿ ಮತ್ತು ಸಾರಿಗೆ ಇಲಾಖೆ, ಇಬ್ಬರೂ ಈ ಗಾಡಿಗೆ ಒಂದೇ ಮರ್ಯಾದೆ ಕೊಡುತ್ತಾರೆ. ಸೆಕ್ಯುರಿಟಿಯ ಮರ್ಯಾದೆಗೆ ರಸೀದಿ ಇಲ್ಲ, ಅಷ್ಟೇ ವ್ಯತ್ಯಾಸ.

ಅದಕ್ಕೇ ಪುದುಚೇರಿ ನಂಬರಿನ ಇಷ್ಟೊಂದು ಗಾಡಿಗಳು ಸಮುದ್ರವನ್ನೇ ನೋಡದೆ ಬೆಂಗಳೂರಿನಲ್ಲಿ ಮುದುಕಾಗುತ್ತವೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ತೆರಿಗೆ ಕಟ್ಟದ ಐಷಾರಾಮಿ ಗಾಡಿಗಳನ್ನು ಹುಡುಕಿ ಹುಡುಕಿ ಹಿಡಿಯಿತು. ಆ ಸುದ್ದಿ ಓದಿದ ಅಧ್ಯಕ್ಷರಿಗೆ ಹೊಸೂರಿನ ಮೇಲೆ ವಿಪರೀತ ಪ್ರೀತಿ ಬಂತು. ಆಗಾಗ ಅತ್ತಿಬೆಲೆ ದಾಟುವುದು, ಆ ಕಡೆ ಒಂದು ಕಾಫಿ ಕುಡಿಯುವುದು, ವಾಪಸ್ ಬರುವುದು. ಟೋಲಿನ ಮೆಸೇಜನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಯಾರಾದರೂ ಅಡ್ಡ ಹಾಕಿದರೆ "ಈಗ ತಾನೇ ಕರ್ನಾಟಕಕ್ಕೆ ಬಂದೆ ಸಾರ್". ಹುಟ್ಟಿ ಬೆಳೆದದ್ದು ಕನಕಪುರ ರಸ್ತೆಯಲ್ಲಿ.

ಈಗ ಗಾಳಿಯ ವಿಷಯಕ್ಕೆ ಬರುತ್ತೇನೆ. ಅಸಲು ಖರ್ಚು ಇರುವುದು ಗಾಳಿಯಲ್ಲೇ.

ಇಂಥ ಗಾಡಿಗಳಲ್ಲಿ ಉಕ್ಕಿನ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ಒಂದು ಕಂಪ್ರೆಸರ್ ಗಾಳಿ ತುಂಬುತ್ತದೆ. ಬಟನ್ ಒತ್ತಿದರೆ ಗಾಡಿ ಏಳುತ್ತದೆ, ಬಗ್ಗುತ್ತದೆ. ಹೊಸದರಲ್ಲಿ ಬಲು ಚೆಂದ. ವರ್ಷಗಳಾದ ಮೇಲೆ ರಬ್ಬರ್ ಬಿರುಕು ಬಿಡುತ್ತದೆ. ರಾತ್ರಿಯಿಡೀ ಗಾಳಿ ಸೋರಿ ಬೆಳಗ್ಗೆ ಗಾಡಿ ಒಂದು ಕಡೆ ಕೂತಿರುತ್ತದೆ. ಆ ಸೋರಿಕೆ ತುಂಬಿಸಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಓಡಿ ಓಡಿ ಸುಟ್ಟುಹೋಗುತ್ತದೆ. ಚೀಲ ಮಾತ್ರ ಬದಲಾಯಿಸಿದರೆ ಕಂಪ್ರೆಸರ್ ಕೈಕೊಡುತ್ತದೆ. ಕಂಪ್ರೆಸರ್ ಮಾತ್ರ ಬದಲಾಯಿಸಿದರೆ ಚೀಲ ಅದನ್ನೂ ಸುಡಿಸುತ್ತದೆ.

"ಅಂಕಲ್, ನಿಮ್ಮ ಕಾರು ಕೂತ್ಕೊಂಡಿದೆ" ಎಂದು ಒಂದು ದಿನ ಬೆಳಗ್ಗೆ ಸ್ಕೂಲಿಗೆ ಹೊರಟ ಮಕ್ಕಳು ಕೂಗಿದರು.

"ಹತ್ತೋಕೆ ಸುಲಭ ಆಗಲಿ ಅಂತ ತಾನೇ ಬಗ್ಗುತ್ತೆ ಕಣ್ರೋ. ಅದು ಫೀಚರ್" ಎಂದರು ಅಧ್ಯಕ್ಷರು. ಸುಳ್ಳೇನಲ್ಲ. ಆ ಫೀಚರ್ ಇದೆ. ಆದರೆ ಅವರ ಗಾಡಿ ಯಾರೂ ಹತ್ತದಿದ್ದಾಗಲೂ ಬಗ್ಗುತ್ತಿತ್ತು, ಅದೂ ಎಡಗಡೆ ಮಾತ್ರ.

ಗ್ಯಾರೇಜಿನ ಭಾಯ್ ಎಸ್ಟಿಮೇಟ್ ಬರೆದುಕೊಟ್ಟರು. ಅಧ್ಯಕ್ಷರು ಅದನ್ನು ಎರಡು ಸಲ ಓದಿದರು. "ಭಾಯ್, ಈ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ಬರುತ್ತಲ್ಲ?"

"ಬರುತ್ತೆ ಸಾರ್. ನಿಮ್ಮ ಗಾಡಿ ರೇಟು ಬಿದ್ದೋಗಿದೆ ನಿಜ. ಆ ವಿಷ್ಯ ಪಾರ್ಟ್ಸ್‌ಗೆ ಯಾರೂ ಹೇಳಿಲ್ಲ."

ಹಾಗಾದರೆ ಹಳೇ ಪಾರ್ಟ್ಸ್ ನೋಡೋಣ ಎಂದಾಯಿತು. ಜೆ.ಸಿ. ರೋಡ್ ಅಲೆದರು. ಶಿವಾಜಿನಗರದ ಗುಜರಿ ಅಲೆದರು. ಕೊನೆಗೆ ಕಂಪ್ರೆಸರ್ ಸಿಕ್ಕಿದ್ದು ದೆಹಲಿಯ ಮಾಯಾಪುರಿ ಗುಜರಿಯಲ್ಲಿ. ದೆಹಲಿಯಿಂದ ತಪ್ಪಿಸಿಕೊಂಡು ಬಂದ ಗಾಡಿಗೆ, ತಪ್ಪಿಸಿಕೊಳ್ಳಲಾಗದೆ ಅಲ್ಲೇ ಸತ್ತ ಅಣ್ಣನ ಅಂಗಾಂಗ ದಾನ. ಪಾರ್ಸೆಲ್ ತರಲು ಲಾರಿ ಆಫೀಸಿಗೆ ಹೋದದ್ದು ಆಲ್ಟೊದಲ್ಲಿ. ನಿಜ ಹೇಳಬೇಕೆಂದರೆ ಆಮೇಲೆ ಆಲ್ಟೊಗೆ ಬೇರೆ ಕೆಲಸವೇ ಇರಲಿಲ್ಲ. ಭಾಯ್‌ನ ಕರೆತರುವುದು, ಬಿಡುವುದು, ಸೆನ್ಸರ್ ತರುವುದು, ತಪ್ಪು ಸೆನ್ಸರ್ ವಾಪಸ್ ಕೊಡುವುದು. ಬ್ಯಾಟರಿ ಇಳಿದಾಗ ಜಂಪ್ ಸ್ಟಾರ್ಟ್‌ಗೂ ಅದೇ. ಎರಡು ಟನ್ ಮೀರಿದ ಗಾಡಿಗೆ ಆಲ್ಟೊ ವೈರ್ ಚುಚ್ಚಿಸಿಕೊಂಡು ಪ್ರಾಣ ತುಂಬುವ ದೃಶ್ಯಕ್ಕೆ ಲೇಔಟಿನ ಹಿರಿಯರು ವಾಕಿಂಗ್ ನಿಲ್ಲಿಸಿ ಸೇರುತ್ತಿದ್ದರು.

ಬ್ಯಾಟರಿ ಎಂದಾಗ ನೆನಪಾಯಿತು. ಕೆಲವು ಜರ್ಮನ್ ಗಾಡಿಗಳಲ್ಲಿ ಬ್ಯಾಟರಿ ಬದಲಾಯಿಸಿದರೆ ಸಾಲದು, ಬದಲಾಯಿಸಿದ್ದೇವೆ ಎಂದು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಮನೆಗೆ ಹೊಸ ಫ್ರಿಜ್ ತಂದರೆ ಅತ್ತೆಗೆ ಮೊದಲು ಹೇಳಬೇಕಲ್ಲ, ಹಾಗೆ. ಹೇಳದಿದ್ದರೆ ಹಳೆಯದಕ್ಕೆ ಹಾಕಿದ ಲೆಕ್ಕದಲ್ಲೇ ಹೊಸದಕ್ಕೂ ಚಾರ್ಜ್ ಹಾಕುತ್ತಾ ಹೋಗುತ್ತದೆ. ಟೈರಿನದ್ದು ಇನ್ನೊಂದು ನಖರಾ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿಯಲ್ಲಿ ನಾಲ್ಕೂ ಟೈರು ಹೆಚ್ಚುಕಮ್ಮಿ ಒಂದೇ ಅಳತೆಗೆ ಸವೆದಿರಬೇಕು. ಇಲ್ಲದಿದ್ದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಏಟು. ಅಂದರೆ ಒಂದು ಗುಂಡಿ ಒಂದು ಟೈರ್ ಹರಿದರೆ, ಬಿಲ್ಲು ನಾಲ್ಕಕ್ಕೆ. ನಮ್ಮ ರಸ್ತೆಯಲ್ಲಿ ಗುಂಡಿಗಳು ಇರುವುದೂ ಗುಂಪಿನಲ್ಲೇ.

ಡ್ಯಾಶ್‌ಬೋರ್ಡಿನಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಹಳದಿ, ಕೆಂಪು, ಮತ್ತೆ ಹಳದಿ. ಅಧ್ಯಕ್ಷರು ಸ್ಕ್ಯಾನರ್ ಹುಡುಗನನ್ನು ಕರೆಸಿ "ಏನೂ ರಿಪೇರಿ ಬೇಡ, ಲೈಟ್ ಆರಿಸು ಸಾಕು" ಎಂದರು. ಗುಂಡಿ ಮುಚ್ಚದೆ ಗುಂಡಿಯ ದೂರನ್ನು ಮಾತ್ರ "ಪರಿಹರಿಸಲಾಗಿದೆ" ಎಂದು ಮುಚ್ಚುವ ಊರಿನಲ್ಲಿ ಇದನ್ನು ಯಾರು ತಪ್ಪು ಅನ್ನುತ್ತಾರೆ?

ಗೇರ್ ಪಕ್ಕದಲ್ಲಿ ಒಂದು ಗುಂಡು ಸ್ವಿಚ್ ಇದೆ. ಅದರ ಮೇಲೆ ಮರಳು, ಕೆಸರು, ಹಿಮ, ಬಂಡೆಯ ಚಿತ್ರಗಳು. ಅಧ್ಯಕ್ಷರು ಒಂದು ಡಿಸೆಂಬರ್ ಬೆಳಗ್ಗೆ ನಂದಿ ಬೆಟ್ಟದ ಮಂಜಿನಲ್ಲಿ ಹಿಮದ ಚಿತ್ರಕ್ಕೆ ತಿರುಗಿಸಿದ್ದಾಗಿ ಹೇಳಿಕೊಂಡರು. 2012ರಲ್ಲಿ ಬಂದ ಆ ತಲೆಮಾರಿನ ರೇಂಜ್ ರೋವರ್ 900 ಮಿ.ಮೀ. ಆಳದ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳಿತ್ತು. ಮೊನ್ನೆ ಮಳೆಗೆ ನಮ್ಮ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಅಧ್ಯಕ್ಷರು ದೂರದಿಂದಲೇ ನೋಡಿದರು, ಯೂ ಟರ್ನ್ ಹೊಡೆದರು. ಮನೆಗೆ ಬಂದು ಸ್ಕೂಟರ್ ತೆಗೆದರು.

ಸರ್ಕಾರದ ಪಾಲೂ ಇದರಲ್ಲಿ ಕಮ್ಮಿ ಇಲ್ಲ ಬಿಡಿ. ಜಿಎಸ್‌ಟಿ ಲೆಕ್ಕದಲ್ಲಿ ಎಸ್‌ಯುವಿ ಅನ್ನಿಸಿಕೊಳ್ಳಲು ಉದ್ದ 4 ಮೀಟರ್ ಮೀರಿರಬೇಕು, ಎಂಜಿನ್ 1,500 ಸಿಸಿ ಮೀರಿರಬೇಕು, ನೆಲದಿಂದ ಗಾಡಿಯ ಹೊಟ್ಟೆಗೆ ಎತ್ತರ ಕನಿಷ್ಠ 170 ಮಿ.ಮೀ. ಇರಬೇಕು. ಅದಕ್ಕೆ ತೆರಿಗೆ ಮೊದಲು ಸೆಸ್ ಸೇರಿ ಶೇ. 50 ಇತ್ತು, 2025ರ ಸೆಪ್ಟೆಂಬರಿನಿಂದ ಶೇ. 40 ಆಗಿದೆ. ನಮ್ಮ ಲೇಔಟಿನ ಹಂಪ್ ದಾಟಲು ಬೇಕಾದಷ್ಟು ಎತ್ತರವನ್ನು ಐಷಾರಾಮ ಎಂದು ತೀರ್ಮಾನಿಸಿದವರು ಆ ಹಂಪನ್ನು ನೋಡಿಲ್ಲ.

ಒಂದೂವರೆ ವರ್ಷಕ್ಕೆ ಅಧ್ಯಕ್ಷರು ಮಾರಲು ಹೊರಟರು. ಬಂದವರೆಲ್ಲ ಸೀಟ್ ಬೆಲ್ಟ್ ಎಳೆದು ನೋಡಿ ಹೋದರು. ಆಗ ಅವರಿಗೆ ವಿಮೆಯ ಪಾಲಿಸಿ ಓದುವ ಬುದ್ಧಿ ಬಂತು. ಸವೆದದ್ದಕ್ಕೆ, ತಾನಾಗಿ ಕೆಟ್ಟದ್ದಕ್ಕೆ ವಿಮೆ ಇಲ್ಲ. ಆದರೆ ಮರ ಬಿದ್ದರೆ ಉಂಟು. ರಿಪೇರಿ ಖರ್ಚು ವಿಮೆಯ ಮೌಲ್ಯದ ಮುಕ್ಕಾಲು ಭಾಗ ದಾಟಿದರೆ ಪೂರ್ತಿ ನಷ್ಟ ಎಂದು ಲೆಕ್ಕ ಹಾಕಿ ದುಡ್ಡು ಕೊಡುತ್ತಾರೆ. ಈ ಗಾಡಿಗೆ ಮುಕ್ಕಾಲು ಭಾಗ ದಾಟಲು ಒಂದು ಹೆಡ್‌ಲೈಟು, ಒಂದು ಬಾನೆಟ್ಟು, ಮುಂದಿನ ಗಾಜು ಹೋದರೂ ಸಾಕು ಎಂದು ಭಾಯ್ ಧೈರ್ಯ ತುಂಬಿದರು.

ಅವತ್ತಿನಿಂದ ಅಧ್ಯಕ್ಷರು ಗಾಡಿಯನ್ನು ಪಾರ್ಕಿನ ಪಕ್ಕದ ಹಳೇ ಗುಲ್‌ಮೊಹರ್ ಮರದ ಕೆಳಗೆ ನಿಲ್ಲಿಸತೊಡಗಿದರು. ಆ ಮರದ ಒಣಗಿದ ಕೊಂಬೆ ಕಡಿಸಿ ಎಂದು ಎರಡು ವರ್ಷದಿಂದ ನಾವು ಅರ್ಜಿ ಕೊಡುತ್ತಿದ್ದೆವು. ಈಗ ಅಧ್ಯಕ್ಷರೇ ಅಡ್ಡ ನಿಂತರು. ಪರಿಸರ ಉಳಿಸಬೇಕು ಎಂದರು. ಆಲ್ಟೊವನ್ನು ಅದರ ಹಿಂದೆಯೇ ನಿಲ್ಲಿಸುತ್ತಿದ್ದರು, ಜಂಪ್ ಸ್ಟಾರ್ಟ್‌ಗೆ ಹತ್ತಿರವಿರಲಿ ಅಂತ.

ಮೇ ತಿಂಗಳ ಮೊದಲ ಜೋರು ಮಳೆಗೆ ಕೊಂಬೆ ಬಿತ್ತು. ಆಲ್ಟೊ ಮೇಲೆ.

ಟಾಪ್ ಒಂದು ಗೇಣು ತಗ್ಗಿತ್ತು. ಅಧ್ಯಕ್ಷರು ಬಗ್ಗಿ ಒಳಗೆ ತೂರಿಕೊಂಡು ಕೀ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.