ಲೋವೆಲ್ ಗಿರಣಿಗಳು ಹೆಣ್ಣುಮಕ್ಕಳಿಗೆ ಬಿಡುಗಡೆ ತಂದವೇ?

ಪರ: ಸಂಬಳ ಅವಳ ಕೈಗೇ ಬಂತು

1830ರ ದಶಕದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ರೈತರ ಮಗಳು ಬೆಳಗಾದರೆ ಹಾಲು ಕರೆಯಬೇಕು, ಬೆಣ್ಣೆ ಕಡೆಯಬೇಕು, ನೂಲಬೇಕು, ಹೊಲಿಯಬೇಕು. ಇಷ್ಟು ದುಡಿದರೂ ಅವಳ ಸೆರಗಿನ ಗಂಟಿಗೆ ಕಾಸು ಸೇರುತ್ತಿರಲಿಲ್ಲ ಎನ್ನೋಣ. ಮದುವೆಯಾದಳೋ, ಅವಳು ಗಳಿಸಿದ್ದೂ ಕಾನೂನಿನ ಪ್ರಕಾರ ಗಂಡನ ಸ್ವತ್ತು.

ಮ್ಯಾಸಚೂಸೆಟ್ಸ್‌ನಲ್ಲಿ ಮೆರಿಮ್ಯಾಕ್ ನದಿಯ ನೀರಿನ ಬಲದಿಂದ ಹತ್ತಿಬಟ್ಟೆ ಗಿರಣಿಗಳ ಮಗ್ಗ ಓಡಿಸುತ್ತಿದ್ದ ಲೋವೆಲ್ ಪಟ್ಟಣ ಕರೆದದ್ದು ಇಂಥವರನ್ನು. ಊಟ, ವಸತಿಯ ಖರ್ಚು ಕಳೆದು ವಾರಕ್ಕೆ ಸುಮಾರು 2 ಡಾಲರ್ ಉಳಿಯುತ್ತಿತ್ತು. ಮನೆಗೆಲಸಕ್ಕೆ ನಿಂತವಳು ಇಷ್ಟು ಕಾಣುತ್ತಿರಲಿಲ್ಲ. ಅದೂ ಅಪ್ಪನ ಕೈ ಹಾಯ್ದು ಬಂದ ಹಣವಲ್ಲ. 1829ರಲ್ಲಿ ಊರಿನಲ್ಲಿ ಉಳಿತಾಯದ ಬ್ಯಾಂಕೂ ತೆರೆಯಿತು. ಒಬ್ಬಳು ಹೊಲದ ಸಾಲ ತೀರಿಸಿದಳು, ಇನ್ನೊಬ್ಬಳು ತಮ್ಮನ ಓದಿಗೆ ಕಳಿಸಿದಳು, ಮತ್ತೊಬ್ಬಳು ತನಗೆಂದೇ ಕೂಡಿಟ್ಟಳು. ಆ ಮೂರನೆಯವಳನ್ನು ನೆನೆದರೆ ನನಗೆ ಹೆಚ್ಚು ಸಂತೋಷ.

ಕಂಪನಿಯ ವಸತಿಮನೆಗಳಲ್ಲಿ ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತಿದ್ದರು, ಚರ್ಚಿಗೆ ಹೋಗುವುದು ಕಡ್ಡಾಯ. ಕಟ್ಟುಪಾಡು ಇತ್ತು, ಒಪ್ಪುತ್ತೇನೆ. ಆದರೆ ಬೇರೆಬೇರೆ ಹಳ್ಳಿಗಳ ಹುಡುಗಿಯರು ಒಂದೇ ಮೇಜಿನಲ್ಲಿ ಉಂಡು, ಪುಸ್ತಕ ಹಂಚಿಕೊಂಡು ಓದಿ, ತಾವೇ ಬರೆದು ‘ಲೋವೆಲ್ ಆಫರಿಂಗ್’ ಎಂಬ ಪತ್ರಿಕೆ ನಡೆಸಿದ್ದು ಆ ಮನೆಗಳಲ್ಲೇ. ಸಂಘಟನೆಯೂ ಅಲ್ಲೇ ಬೇರುಬಿಟ್ಟಿತು. 1834ರಲ್ಲಿ ಕೂಲಿ ಕಡಿತ ಮಾಡಹೊರಟಾಗ ನೂರಾರು ಹೆಂಗಸರು ಮಗ್ಗ ನಿಲ್ಲಿಸಿ ಬೀದಿಗಿಳಿದು, ತಾವು ಸ್ವತಂತ್ರರ ಹೆಣ್ಣುಮಕ್ಕಳೆಂದು ಸಾರಿದರು. 1836ರಲ್ಲಿ ಊಟ, ವಸತಿಯ ದರ ಏರಿದಾಗ ಹನ್ನೊಂದು ವರ್ಷದ ಹ್ಯಾರಿಯೆಟ್ ಹ್ಯಾನ್ಸನ್, ಹೊರಡೋಣವೋ ಬೇಡವೋ ಎಂದು ದೊಡ್ಡವರು ಅನುಮಾನಿಸುತ್ತಿದ್ದಾಗ ತಾನೇ ಮುಂದೆ ನಡೆದಳು. ತಿರುಗಿ ನೋಡಿದರೆ ಹಿಂದೆ ಉದ್ದದ ಸಾಲು! ಮುಂದೆ ಅವಳು ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದಳು. ಹಳ್ಳಿಯ ಅಡುಗೆಮನೆಯಲ್ಲಿ ಒಂಟಿಯಾಗಿ ಬೆಣ್ಣೆ ಕಡೆಯುತ್ತಿದ್ದವಳಿಗೆ ಅಂಥ ಸಾಲು ಎಲ್ಲಿ ಸಿಗಬೇಕಿತ್ತು?

ವಿರೋಧ: ಗಂಟೆ ಮಾಲೀಕರ ಕೈಯಲ್ಲಿತ್ತು

ಹ್ಯಾರಿಯೆಟ್‌ಳ ಕಥೆಯನ್ನು ಅರ್ಧಕ್ಕೇ ನಿಲ್ಲಿಸಬಾರದು. ಅವಳ ತಾಯಿ ವಿಧವೆ, ಕಂಪನಿಯ ವಸತಿಮನೆಯೊಂದನ್ನು ನೋಡಿಕೊಂಡು ಮಕ್ಕಳನ್ನು ಸಾಕುತ್ತಿದ್ದಳು. ಮಗಳು ಮುಷ್ಕರಕ್ಕೆ ಹೋದಳೆಂದು ತಾಯಿಯ ಆ ಕೆಲಸವನ್ನೇ ಕಿತ್ತುಕೊಂಡರು. ಕೂಲಿ, ಮನೆ, ಊಟ ಮೂರೂ ಒಬ್ಬನೇ ಧಣಿಯ ಮುಷ್ಟಿಯಲ್ಲಿರುವಾಗ ಕೈಗೆ ಬಂದ ಸಂಬಳವನ್ನು ಬಿಡುಗಡೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ದಿನವೆಲ್ಲ ಗಂಟೆಯ ಲೆಕ್ಕ. 1845ರಲ್ಲಿ ರಾಜ್ಯದ ಶಾಸನಸಭಾ ಸಮಿತಿಯ ಮುಂದೆ ಎಲೈಜಾ ಹೆಮಿಂಗ್‌ವೇ ಎಂಬ ಕೆಲಸಗಾರ್ತಿ ಹೇಳಿದ್ದು ಕೇಳಿ: ಬೇಸಿಗೆಯಲ್ಲಿ ಬೆಳಗಿನ ಐದರಿಂದ ಸಂಜೆ ಏಳರವರೆಗೆ ದುಡಿಮೆ, ನಡುವೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ. ಸುಮಾರು 150 ಮಂದಿ ನಿಂತಿದ್ದ ನೇಯ್ಗೆ ಕೋಣೆಯಲ್ಲಿ ಸಣ್ಣ ದೀಪ 293, ದೊಡ್ಡ ದೀಪ 61. ಅಷ್ಟೂ ದೀಪಗಳ ಹೊಗೆ, ಗಾಳಿಯಲ್ಲಿ ಹತ್ತಿಯ ನವಿರು, ನೂಲು ಹರಿಯದಿರಲೆಂದು ಮುಚ್ಚಿಟ್ಟ ಕಿಟಕಿ. ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲನ್ನು ಉಸಿರಿನಿಂದ ಎಳೆದುಕೊಳ್ಳಬೇಕಿತ್ತು, ನೂಲಿನ ಜತೆಗೆ ಧೂಳೂ ಒಳಗೆ.

ದಿನಕ್ಕೆ ಹತ್ತೇ ಗಂಟೆಯ ದುಡಿಮೆ ಕೇಳಿ ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿ ಮತ್ತು ಸಂಗಾತಿಯರು ಎರಡು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ ಕೊಟ್ಟಿದ್ದರು. ತೊಂದರೆ ಇದೆ, ಪರಿಹಾರ ನಮ್ಮಲ್ಲಿಲ್ಲ ಎಂದಿತು ಸಮಿತಿ. ಆ ಸಭೆಗೆ ಹೆಂಗಸರ ಮತವೇ ಬೇಕಿರಲಿಲ್ಲವಲ್ಲ! ಮ್ಯಾಸಚೂಸೆಟ್ಸ್‌ನಲ್ಲಿ ಹೆಂಗಸರಿಗೆ, ಮಕ್ಕಳಿಗೆ ಹತ್ತು ಗಂಟೆಯ ಕಾಯಿದೆ ಬಂದದ್ದು 1874ರಲ್ಲಿ. ಅಷ್ಟರೊಳಗೆ ಒಬ್ಬೊಬ್ಬಳಿಗೆ ಎರಡಿದ್ದ ಮಗ್ಗ ಮೂರು, ನಾಲ್ಕಾಗಿತ್ತು. ಹಳ್ಳಿ ಹುಡುಗಿಯರು ಬಿಟ್ಟುಹೋದ ಜಾಗಕ್ಕೆ ಕ್ಷಾಮದಿಂದ ಓಡಿಬಂದ ಐರಿಷರು ಸೇರಿದ್ದರು.

ಇನ್ನೊಂದು ಪ್ರಶ್ನೆಯನ್ನು ಪರವಾದಿಗಳು ಕೇಳಿಕೊಳ್ಳುವುದೇ ಇಲ್ಲ. ಆ ಹತ್ತಿ ಎಲ್ಲಿಯದು? ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಲ್ಲಿ ಗುಲಾಮರು ಬಿಡಿಸಿದ್ದು. ಅವರಲ್ಲಿ ಹೆಂಗಸರೂ ಇದ್ದರು. ಅವರ ಕೈಗೆ ಯಾವ ಸಂಬಳವೂ ಬರಲಿಲ್ಲ, ಹೆತ್ತ ಮಕ್ಕಳೂ ಉಳಿಯುವ ಭರವಸೆ ಇರಲಿಲ್ಲ. ಲೋವೆಲ್‌ನಲ್ಲಿ ನೇಯ್ದ ಒರಟು ಬಟ್ಟೆ ಮತ್ತೆ ಅದೇ ತೋಟಗಳಿಗೆ, ಗುಲಾಮರ ಉಡುಗೆಗೆಂದು ಹೋಗುತ್ತಿತ್ತು. ಅಲ್ಲಿ ಆ ಬಟ್ಟೆಯ ಹೆಸರೇ ‘ಲೋವೆಲ್’. ಗುಲಾಮಗಿರಿ ತೊಲಗಲಿ ಎಂಬ ಮನವಿಗೆ ಗಿರಣಿಯ ಎಷ್ಟೋ ಹೆಂಗಸರು ಸಹಿ ಹಾಕಿದ್ದರು. ಮರುದಿನ ಬೆಳಗಿನ ಗಂಟೆಗೆ ಎದ್ದು ಹೋಗಿ ಅವರು ಮಗ್ಗಕ್ಕೆ ಹಾಕಿದ್ದು ಅದೇ ಹತ್ತಿಯ ನೂಲು.